ನೀರು ಮುಟ್ಟದ ತಪಾಸಣೆ

ನಮ್ಮ ಧಾರವಾಡದ ಮಾಳಮಡ್ಡಿಯ ವೆಂಕಣ್ಣನವರು ನಿವೃತ್ತಿಯಾಗುವ ತನಕ ಶಾಲಾ ತಪಾಸಣೆಯ ಕಚೇರಿಯಲ್ಲಿ ಕಾರಕೂನರಾಗಿದ್ದರು. ಸ್ವತಃ ಒಂದು ಶಾಲೆಯನ್ನೂ ತಪಾಸಣೆ ಮಾಡಿದವರಲ್ಲ. ಮಾಡುವ ಸಾಹೇಬರ ಹಿಂದೆ ದಫ್ತರ ಹಿಡಿದು ಹಳ್ಳಿ ಹಳ್ಳಿ ತಿರುಗಿದವರು, ಶಾಲೆ ಹೇಗಿದೆ ಎಂದು ಸಾಹೇಬರು ಹೇಳಿದ ಷರಾವನ್ನು ದುಂಡಗೆ ಬರೆದು ಸಹಿ ಹಾಕಿಸಿಕೊಂಡವರು. ಹಾಗೆ ತಿರುಗಿ ತಿರುಗಿ ಒಂದು ಸಿದ್ಧಾಂತಕ್ಕೆ ಬಂದಿದ್ದರು. ಷರಾ ಹುಟ್ಟುವುದು ತಲೆಯಲ್ಲಲ್ಲ, ಹೊಟ್ಟೆಯಲ್ಲಿ. ಮಾಸ್ತರರ ಮನೆಯಲ್ಲಿ ಹೂರಣದ ಹೋಳಿಗೆಯೂ ಕಾಸಿದ ತುಪ್ಪವೂ ಆಗಿದ್ದರೆ ಶಾಲೆಯ ಪ್ರಗತಿ ಸಮಾಧಾನಕರ. ಬರೀ ಚುರಮುರಿ, ಚಹಾದಲ್ಲಿ ಮುಗಿಸಿದ್ದರೆ ಹುಡುಗರ ಗಣಿತ ಕಚ್ಚಾ.

‘ನನಗೊಂದು ತಪಾಸಣಿ ಮಾಡ್ಲಿಕ್ಕೆ ಸಿಗಲಿ. ಆ ಊರಾಗ ಹನಿ ನೀರು ಮುಟ್ಟೂದಿಲ್ಲ ನೋಡ್ರಿ’ ಎಂದು ಅವರು ನಮ್ಮ ಎರಡು ಮನೆಗಳ ನಡುಗೋಡೆಯ ಆಚೆಯಿಂದ ನನಗೆ ಹೇಳುತ್ತಿದ್ದರು. ನಾನು ಭೇಷ್ ಎನ್ನುತ್ತಿದ್ದೆ. ಅವರಿಗೆ ಯಾರೂ ತಪಾಸಣೆ ಕೊಡುವುದಿಲ್ಲ ಎಂಬ ಧೈರ್ಯ ನನಗಿತ್ತು.

ಆದರೆ ಆ ವರ್ಷದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಅರಳೆ ವ್ಯಾಪಾರಿ ಮುರುಗೆಪ್ಪನವರ ಮೋಟಾರು ನಮ್ಮ ಓಣಿಯಲ್ಲಿ ಬಂದು ನಿಂತಿತು. ಮುರುಗೆಪ್ಪನವರ ತಾಯಿ ಮಾಳವ್ವ ಹೆಬ್ಬಳ್ಳಿಯ ಮಗಳು. ಹುಡುಗಿಯಾಗಿದ್ದಾಗ ಹಳ್ಳದಿಂದ ನೀರು ಹೊತ್ತು ಹೊತ್ತು ನಡುನೆತ್ತಿಯ ಕೂದಲು ಸವೆದುಹೋಗಿತ್ತಂತೆ. ಅವ್ವ ತೀರಿಕೊಂಡ ಮೇಲೆ ಮಗ ಹೆಬ್ಬಳ್ಳಿಯಲ್ಲಿ ಅವಳ ಹೆಸರಿನಲ್ಲಿ ಬಾವಿ ತೆಗೆಸಿ, ಕಲ್ಲಿನ ಮೇಲೆ ಕೆತ್ತಿಸಿದ್ದರು: ‘ಮಾಳವ್ವನ ಬಾವಿ. ಯಾರೂ ಬರಬಹುದು, ಯಾರೂ ಸೇದಬಹುದು.’ ಊರಿನ ಹಳೆಯ ಬಾವಿಗಳೆಲ್ಲ ಸವಳು, ಇದೊಂದರ ನೀರು ಸಿಹಿ. ಇಂಥದೇ ಇನ್ನೊಂದನ್ನು ಶಿರಗುಪ್ಪಿಯಲ್ಲಿ ತೆಗೆಸುವ ವಿಚಾರ ಈಗ ಅವರಿಗೆ ಬಂದಿತ್ತು.

‘ಕಲ್ಲಿನ ಮ್ಯಾಲ ಬರಸೇನಿ. ಬರಸಿದ್ದು ನಡದೈತೋ ಇಲ್ಲೋ ನನಗ ತಿಳೀವಲ್ದು’ ಎಂದರು ಮುರುಗೆಪ್ಪನವರು. ‘ನಾ ಹ್ವಾದ್ರ ಎಲ್ಲಾರೂ ಕೈ ಮುಗದು ಛಲೋ ಐತ್ರಿ ಅಂತಾರ. ನೀವು ತಿಳದವರು. ನೋಡಿ ಬಂದು ಹೇಳ್ರಿ. ಬಾವಿ ಛಲೋ ಐತಿಲ್ಲೋ ಅಂತ ಕೇಳ್ರಿ.’

ವೆಂಕಣ್ಣನವರು ರುಮಾಲು ಸರಿಮಾಡಿಕೊಂಡರು. ಅದು ಅವರ ಜೀವನದ ದೊಡ್ಡ ಗಳಿಗೆ ಎಂದು ನಡುಗೋಡೆಯ ಈಚೆಗಿದ್ದ ನನಗೂ ತಿಳಿಯಿತು.

‘ಅದು ಪ್ರಶ್ನಿ ಅಲ್ಲರಿ’ ಎಂದರು. ‘ಯಾರು ಸೇದತಾರ, ಯಾರು ಸೇದೂದಿಲ್ಲ, ಯಾಕ ಸೇದೂದಿಲ್ಲ. ಇದು ಪ್ರಶ್ನಿ. ಇನ್ನ ಉತ್ತರ ಕೆಟ್ಟದ್ದು ಬಂದರ?’

‘ಕೆಟ್ಟದ್ದಿದ್ರೂ ಹೇಳ್ರಿ.’

‘ನಿಮ್ಮ ಕಿವ್ಯಾಗ ಹೇಳೂದಿಲ್ಲ. ಬಾವಿ ಕಟ್ಟಿ ಮ್ಯಾಲೆ ನಿಂತು ಊರಮಂದಿ ಮುಂದ ಓದತೀನಿ. ನೀವೂ ಅಲ್ಲೇ ನಿಂತು ಕೇಳಬೇಕು. ಬಾವಿ ನಿಮ್ಮದಿರಬಹುದು, ನಾ ಬರದದ್ದರಾಗ ಒಂದಕ್ಷರ ತಿದ್ದಂಗಿಲ್ಲ.’

ಮುರುಗೆಪ್ಪನವರು ಬಹಳ ಹೊತ್ತು ಮೀಸೆ ತೀಡಿದರು. ಕೊನೆಗೆ ‘ಅವ್ವನ ಆಣಿ, ಆಗಲಿ’ ಎಂದರು.

ಮರುದಿನ ಅವರು ಬುಟ್ಟಿ ತುಂಬ ಆಪೂಸು ಮಾವಿನಹಣ್ಣು ಕಳಿಸಿದರು. ವೆಂಕಣ್ಣನವರು ಪೇಟೆಗೆ ಹೋಗಿದ್ದರು. ತಿರುಗಿ ಬರುವಷ್ಟರಲ್ಲಿ ಅವರ ಹೆಂಡತಿ ಅಂಬಾಬಾಯಿಯವರು ಎರಡು ಹಣ್ಣಿನ ಶೀಕರಣಿ ಮಾಡಿ ಏಲಕ್ಕಿ ಕುಟ್ಟುತ್ತಿದ್ದರು. ವೆಂಕಣ್ಣನವರು ಚಪ್ಪಲಿ ಕಳೆಯದೆ ಹಾಗೆಯೇ ಪೇಟೆಗೆ ಹಿಂತಿರುಗಿ, ಅಷ್ಟೇ ದಪ್ಪನೆಯ ಎರಡು ಹಣ್ಣು ಕೊಂಡು ತಂದು, ಬುಟ್ಟಿ ಭರ್ತಿ ಮಾಡಿ ಹುಬ್ಬಳ್ಳಿಗೆ ಸಾಗಹಾಕಿದರು. ಅಂಬಾಬಾಯಿಯವರು ಶೀಕರಣಿಯ ಬೋಗುಣಿ ಹಿಡಿದುಕೊಂಡು ನಿಂತೇ ಇದ್ದರು.

‘ಇದನ್ನೇನು ಮಾಡಲಿ?’

‘ನಾ ಅಂತೂ ಮುಟ್ಟೂದಿಲ್ಲ.’

ಆ ಶೀಕರಣಿಯನ್ನು ನಾವು ತಿಂದೆವು. ನಾವು ಯಾವ ತಪಾಸಣೆಯನ್ನೂ ಒಪ್ಪಿಕೊಂಡಿರಲಿಲ್ಲ.

ವೆಂಕಣ್ಣನವರ ಯೋಜನೆ ಹೀಗಿತ್ತು. ಹೆಬ್ಬಳ್ಳಿಗೆ ಒಮ್ಮೆ ತಿಳಿಸಿ ಹೋಗುವುದು, ಇನ್ನೊಮ್ಮೆ ತಿಳಿಸದೆ ಹೋಗುವುದು. ಬಂದ ಉದ್ದೇಶವನ್ನು ಪೂರ್ತಿ ಬಿಚ್ಚಿ ಹೇಳದಿರುವುದು, ಹೇಳಿದರೆ ಮಂದಿ ಎಚ್ಚರವಾಗುತ್ತಾರೆ. ಮತ್ತು ಹನಿ ನೀರು ಮುಟ್ಟದಿರುವುದು. ಅದಕ್ಕಾಗಿ ಅಂಬಾಬಾಯಿಯವರು ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಮನೆಯ ನೀರು ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿಕೊಟ್ಟರು. ಹೊಳೆಯುವ ಆ ತಂಬಿಗೆ ಹಿಡಿದು ವೆಂಕಣ್ಣನವರು ಚಕ್ಕಡಿ ಹತ್ತಿದರು.

ಹೆಬ್ಬಳ್ಳಿಯ ಗೌಡ ಗುರುಶಿದ್ದಪ್ಪನವರು ಮರ್ಯಾದಸ್ಥರು. ಧಾರವಾಡದ ಬ್ರಾಹ್ಮಣರು ಲಿಂಗಾಯತರ ಮನೆಯ ನೀರು ಕುಡಿಯುವುದಿಲ್ಲ ಎಂಬುದು ಆ ಕಾಲದಲ್ಲಿ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಅದಕ್ಕೇ ಅವರು ನೀರಿನ ಮಾತೆತ್ತದೆ ಆಗ ತಾನೇ ಕರೆದ ಹಾಲು, ಬಾಳೆಹಣ್ಣು ಇರಿಸಿದ್ದರು. ವೆಂಕಣ್ಣನವರು ಎರಡನ್ನೂ ಕೈಯಿಂದ ಆಚೆ ಸರಿಸಿದರು.

‘ಹಾಲಿಗೆ ಮೈಲಿಗಿಲ್ಲಲ್ರಿ’ ಎಂದರು ಗೌಡರು.

‘ಕಾರಣ ಅದ. ಆಮ್ಯಾಲೆ ಹೇಳ್ತೀನಿ.’

ಅಲ್ಲಿಂದ ಏಕನಾಥ ಕುಲಕರ್ಣಿಯವರ ಮನೆ. ಬ್ರಾಹ್ಮಣರ ಮನೆ, ವೆಂಕಣ್ಣನವರ ಕಡೆಯವರೇ, ಹುಡುಕಿದರೆ ದೂರದ ಸಂಬಂಧವೂ ಸಿಗುತ್ತಿತ್ತು. ಮಡಿಯಲ್ಲಿ ಅಡಿಗೆಯಾಗಿತ್ತು, ಎಲೆ ಹಾಕಿತ್ತು. ವೆಂಕಣ್ಣನವರು ಅಲ್ಲಿಯೂ ಪಾನಕದ ಲೋಟ ಮುಟ್ಟಲಿಲ್ಲ. ಜಗುಲಿಯ ಮೇಲೆ ಕೂತು, ಅರಿವೆ ಬಿಚ್ಚಿ, ತಮ್ಮ ತಂಬಿಗೆಯ ನೀರು ಗಟಗಟ ಕುಡಿದರು. ಕುಲಕರ್ಣಿಯವರ ಮನೆಯವರು ಬಾಗಿಲ ಸಂದಿಯಿಂದ ನೋಡಿದರು.

ಆಮೇಲೆ ಬಾವಿ. ಅಲ್ಲಿ ವೆಂಕಣ್ಣನವರು ಕಂಡದ್ದು ಅವರ ಕಣ್ಣನ್ನೇ ತುಂಬಿಸಿತಂತೆ. ಒಂದೇ ಬಾವಿ, ಹಗ್ಗ ಓಡಲು ಎರಡು ಗಡಗಡೆ. ಒಂದರಲ್ಲಿ ಊರ ಹೆಂಗಸರು, ಇನ್ನೊಂದರಲ್ಲಿ ಊರಾಚೆಯ ಕೇರಿಯ ಹೆಂಗಸರು ಸೇದುತ್ತಿದ್ದರು. ಮೊದಲು ಕೇರಿಯವರು ದೂರ ನಿಂತು, ಯಾರಾದರೂ ಕರುಣೆ ಬಂದು ಮೇಲಿನಿಂದ ಹೊಯ್ದರೆ ಹಿಡಿದುಕೊಂಡು ಹೋಗುತ್ತಿದ್ದರು. ಹೋದ ಯುಗಾದಿಗೆ ಬಹಳ ಜಗಳವಾಗಿ, ಗೌಡರೇ ನಡುವೆ ನಿಂತು, ಅವರಿಗೊಂದು ಗಡಗಡೆ ಬಿಡಿಸಿಕೊಟ್ಟಿದ್ದರು. ಕಲ್ಲಿನ ಮೇಲೆ ಬರೆದದ್ದು ಪೂರ್ತಿ ಅಲ್ಲದಿದ್ದರೂ ಅರ್ಧ ನಡೆದಿತ್ತು.

ಕೇರಿಯ ಫಕೀರವ್ವ ಹಗ್ಗ ಎಳೆಯುತ್ತಿದ್ದಳು. ವೆಂಕಣ್ಣನವರು ಕೇಳಿದರು: ‘ನೀರು ಹ್ಯಾಂಗದವಾ?’

‘ಕುಡದು ನೋಡ್ರಿ’ ಎಂದಳು.

‘ನಾ ಕುಡಿಯೂ ಹಂಗಿಲ್ಲ.’

ಫಕೀರವ್ವ ಅವರ ತಂಬಿಗೆ ನೋಡಿದಳು. ಮತ್ತೆ ಹಗ್ಗಕ್ಕೆ ಕೈ ಹಾಕಿದಳು. ವೆಂಕಣ್ಣನವರು ಬಾವಿಯೊಳಗೆ ಬಗ್ಗಿ ನೋಡಿ, ಎದ್ದು, ಎಡಕ್ಕೂ ಬಲಕ್ಕೂ ತಲೆ ಅಲ್ಲಾಡಿಸಿದರು. ಚಕ್ಕಡಿಯ ಕುಲುಕಿಗೆ ಕುತ್ತಿಗೆ ಹಿಡಿದಿತ್ತು, ಅದನ್ನು ಬಿಡಿಸಿಕೊಳ್ಳುತ್ತಿದ್ದರು. ಅದು ಅವರಿಗೊಬ್ಬರಿಗೇ ಗೊತ್ತಿತ್ತು. ‘ಮುಂದಿನ ಶನಿವಾರ ಸಂಜಿಗೆ ಬಂದು ಓದತೀನಿ’ ಎಂದು ಸಾರಿ, ಚಕ್ಕಡಿ ಹತ್ತಿ ಮನೆಗೆ ಬಂದರು.

ಆ ವಾರವೆಲ್ಲ ಬರೆದರು. ಬಾವಿ ಸಫಲವಾಗಿದೆ, ಶಿರಗುಪ್ಪಿಯಲ್ಲಿ ಇನ್ನೊಂದು ಅಗತ್ಯವಾಗಿ ಆಗಬೇಕು ಎಂದು ದುಂಡನೆಯ ಅಕ್ಷರದಲ್ಲಿ ಬರೆದರು. ಸಂಜೆ ಬರುತ್ತೇನೆಂದು ಹೇಳಿದ್ದರಿಂದ ಶನಿವಾರ ಬೆಳಿಗ್ಗೆಯೇ ತಂಬಿಗೆ ಹಿಡಿದು ಹೊರಟರು. ಇದು ತಿಳಿಸದೆ ಹೋಗುವ ಭೇಟಿ. ಚಕ್ಕಡಿಯಲ್ಲಿ ಜಾಗವಿದೆ ಬರ್ರಿ ಎಂದು ನನ್ನನ್ನೂ ಕರೆದರು. ಮೊದಲ ಭೇಟಿಯದು ಅವರಿಂದ ಕೇಳಿದ್ದು. ಇನ್ನು ಮುಂದಿನದು ನಾನೇ ಕಂಡದ್ದು.

ಊರ ಹೊರಗೆ ಹಳ್ಳದ ದಾರಿಯಲ್ಲಿ ಹೆಂಗಸರ ಸಾಲು ಬರುತ್ತಿತ್ತು. ಊರವರೂ ಇದ್ದರು, ಕೇರಿಯವರೂ ಇದ್ದರು, ನಡುವೆ ಬೇಕಾದಷ್ಟು ದೂರವೂ ಇತ್ತು. ಕೊಡಗಳಲ್ಲಿ ಕೆಂಪು ನೀರು. ವೆಂಕಣ್ಣನವರು ಚಕ್ಕಡಿ ನಿಲ್ಲಿಸಿದರು.

‘ಏನವಾ ಫಕೀರವ್ವಾ, ಬಾವಿ ಬಿಟ್ಟು ಹಳ್ಳಕ್ಕ ಯಾಕ ಬಂದಿ?’

ಫಕೀರವ್ವ ಕೊಡ ಇಳಿಸಲಿಲ್ಲ. ‘ನಮ್ಮನ್ಯಾಕ ಕೇಳ್ತೀರ್ರೀ? ನೀವ ಬಂದು ಹ್ವಾದ್ರಿ, ಬಾವಿ ಹೋತು. ನನ್ನ ಸೊಸಿ ಬಸರಿ ಅದಾಳ. ತುಂಬಿದ ಬಸರಿ. ಆಕಿನೂ ಹಿಂದ ಬರಾಕತ್ತಾಳ ನೋಡ್ರಿ, ಕೊಡ ಹೊತಗೊಂಡು.’

ಹಿಂದೆ ಒಬ್ಬ ಹುಡುಗಿ ಒಂದು ಕೈಯಿಂದ ಕೊಡವನ್ನೂ ಇನ್ನೊಂದು ಕೈಯಿಂದ ಸೊಂಟವನ್ನೂ ಹಿಡಿದು ಏರು ಹತ್ತುತ್ತಿದ್ದಳು. ನಾವು ಚಕ್ಕಡಿಯಲ್ಲಿ ಕೂತವರು ಅವಳ ಮುಖ ನೋಡಲಿಲ್ಲ.

ಬಾವಿಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡು ಗಡಗಡೆಗಳಲ್ಲಿ ಒಂದನ್ನು ಕಿತ್ತಿದ್ದರು. ಇನ್ನೊಂದರಲ್ಲಿ ಹಗ್ಗವಿರಲಿಲ್ಲ. ಚಕ್ಕಡಿ ಕಂಡು ಗೌಡರೂ ಕುಲಕರ್ಣಿಯವರೂ ಬಂದರು. ವೆಂಕಣ್ಣನವರು ಬಾಯಿ ತೆರೆಯುವ ಮೊದಲೇ ಗೌಡರು ಕೈ ಮುಗಿದರು.

‘ದೊಡ್ಡ ಉಪಕಾರ ಆತ್ರಿ. ನೀವು ಬಂದು ತೋರಿಸಿಕೊಡಲಿಲ್ಲಂದ್ರ ನಾವು ಹಂಗ ಕುಡಕೋತ ಇರತಿದ್ವಿ.’

‘ನಾ ಏನು ತೋರಿಸಿದೆ?’

ಕುಲಕರ್ಣಿಯವರು ಸಮಾಧಾನದಿಂದ ವಿವರಿಸಿದರು. ‘ಗೌಡರ ಮನ್ಯಾಗ ನೀವು ಮುಟ್ಟಲಿಲ್ಲ. ಅದು ಜಾತಿ ಅಂತ ತಿಳಕೊಂಡ್ವಿ, ತಪ್ಪಿಲ್ಲ. ಆದರ ನಮ್ಮ ಮನ್ಯಾಗೂ ಮುಟ್ಟಲಿಲ್ಲ. ನಾವು ನಿಮ್ಮವರೇ. ಅಂದ ಮ್ಯಾಲೆ ದೋಷ ಮನಿದಲ್ಲ, ನೀರಿಂದು. ಎರಡೂ ಮನಿಗೆ ಬರೂದು ಇದೊಂದೇ ಬಾವಿ ನೀರು. ಮುಂದ ನೀವು ಬಾವ್ಯಾಗ ಹಣಿಕಿ ಹಾಕಿ ತಲಿ ಅಲ್ಲಾಡಿಸಿದ್ರಿ. ಊರೆಲ್ಲಾ ನೋಡೇದ.’

ಆ ತರ್ಕದಲ್ಲಿ ನನಗೆ ಎಲ್ಲಿಯೂ ತೂತು ಕಾಣಲಿಲ್ಲ.

‘ನೀರು ಯಾಕ ಕೆಟ್ಟಿತು ಅಂತ ಹಿರೇರು ಕೂತು ವಿಚಾರ ಮಾಡಿದ್ರು’ ಎಂದರು ಗೌಡರು. ‘ಯುಗಾದಿಯಿಂದ ಹೊಸದೇನಾಗೈತಿ? ಕೇರಿಯವರ ಹಗ್ಗ ಬಿದ್ದೈತಿ. ಅದ ಕಾರಣ ಅಂದ್ರು. ಸೋಮವಾರ ಬಾವಿ ಶುದ್ಧ ಮಾಡಸ್ತೇವಿ. ಆಮ್ಯಾಲ ಊರವರಷ್ಟ ಸೇದೂದು. ನನಗೇನು ಅವರ ಮ್ಯಾಲ ಸಿಟ್ಟಿಲ್ಲರಿ. ನಾನ ಗಡಗಡಿ ಕೊಡಿಸಿದಾಂವ, ನಾನೂ ಅದ ನೀರು ಕುಡದಾಂವ. ಆದ್ರ ಓದಿದವರು ನೀವು. ನೀವ ಕುಡೀಲಿಲ್ಲ. ಇವತ್ತು ಸಂಜಿಗೆ ನೀವೂ ಅದನ್ನ ಓದಿಬಿಟ್ರ ನಮ್ಮ ಮ್ಯಾಲ ಮಾತು ಬರೂದಿಲ್ಲ.’

‘ಗೌಡ್ರ, ಅದು ಜಾತಿ ಅಲ್ಲ, ನೀರೂ ಅಲ್ಲ. ಅದು ನಿಷ್ಪಕ್ಷಪಾತ’ ಎಂದರು ವೆಂಕಣ್ಣನವರು.

ಗೌಡರು ಕುಲಕರ್ಣಿಯವರ ಮುಖ ನೋಡಿದರು. ಆಮೇಲೆ ದನಿ ತಗ್ಗಿಸಿ, ಜಡ್ಡಿನವರ ಹತ್ತಿರ ಕೇಳುವಂತೆ ಕೇಳಿದರು: ‘ಎಷ್ಟು ದಿನದಿಂದ ಐತ್ರಿ ನಿಮಗ?’

ವೆಂಕಣ್ಣನವರು ಬೇವಿನ ಗಿಡದ ಕೆಳಗೆ ಕೂತುಬಿಟ್ಟರು. ಸಾಹೇಬರ ಹೋಳಿಗೆ, ತುಪ್ಪ, ಷರಾ, ತಮ್ಮ ಸಿದ್ಧಾಂತ ಎಲ್ಲವನ್ನೂ ವಿವರಿಸಿದರು. ಕುಲಕರ್ಣಿಯವರು ಪೂರ್ತಿ ಕೇಳಿ, ‘ಪಾನಕಕ್ಕ ಯಾರಾದರೂ ಷರಾ ಬದಲಿ ಮಾಡತಾರೇನ್ರಿ?’ ಎಂದು ನಿಜವಾಗಿಯೂ ನೊಂದುಕೊಂಡರು. ತಮ್ಮ ಪಾನಕವನ್ನು ಲಂಚದ ಲೆಕ್ಕದಲ್ಲಿ ಹಿಡಿದದ್ದು ಅವರಿಗೆ ಬಾವಿಗಿಂತ ದೊಡ್ಡ ಅನ್ಯಾಯವಾಗಿ ಕಂಡಿತು. ಗೌಡರು ಮಾತ್ರ, ಹಿರಿಯರು ಕೂತು ಮಾಡಿದ ನಿರ್ಣಯ, ಇನ್ನು ತಿರುಗಿಸುವುದು ಕಷ್ಟ ಎಂದರು.

ಸಂಜೆ ಮುರುಗೆಪ್ಪನವರ ಮೋಟಾರು ಬಂದಿತು. ಅವರು ಕಿತ್ತ ಗಡಗಡೆಯ ಜಾಗ ನೋಡಿದರು, ತಾಯಿಯ ಹೆಸರು ಕೆತ್ತಿದ ಕಲ್ಲು ನೋಡಿದರು. ವೆಂಕಣ್ಣನವರು ನಡೆದದ್ದನ್ನು ಹೇಳಿದರು. ಮುರುಗೆಪ್ಪನವರು ಅವರನ್ನು ಮೋಟಾರಿನ ಮರೆಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ, ಯಾರೂ ಬೇಡವೆನ್ನಲಿಲ್ಲ.

‘ಮೊದಲನೇ ಸಲ ನೋಡಿ ಬರದದ್ದು ಕಿಸೇದಾಗ ಐತಲ್ರಿ?’ ಎಂದರು ಮುರುಗೆಪ್ಪನವರು. ‘ಅದನ್ನ ಓದಿಬಿಡ್ರಿ. ಸುಳ್ಳಲ್ಲ ಅದು. ಆ ದಿನಾ ಖರೇ ಇತ್ತು. ಉಳದದ್ದು ನಾ ಗೌಡರ ಜೋಡಿ ಮಾತಾಡಿ ನೋಡತೀನಿ. ಎಲ್ಲಾರ ಮುಂದ ನಮ್ಮ ಅವ್ವನ ಬಾವಿ ಕೆಟ್ಟಿತು ಅಂತ ಓದಬ್ಯಾಡ್ರಿ.’

ಅವರ ಕಣ್ಣಲ್ಲಿ ನೀರಿತ್ತು. ವ್ಯಾಪಾರದ ಮಾತಾಗಿದ್ದರೆ ಇಲ್ಲವೆನ್ನುವುದು ಸುಲಭವಿತ್ತು.

‘ಕೆಟ್ಟದ್ದಿದ್ರೂ ಹೇಳ್ರಿ ಅಂದಿದ್ರಿ’ ಎಂದರು ವೆಂಕಣ್ಣನವರು.

‘ಅಂದಿದ್ದೆ. ಕೆಟ್ಟದ್ದು ಬರತೈತಿ ಅಂತ ಅನ್ಕೊಂಡಿರಲಿಲ್ಲ.’

ವೆಂಕಣ್ಣನವರು ಬಾವಿಯ ಕಟ್ಟೆ ಹತ್ತಿದರು. ಊರು ಒಂದು ಕಡೆ ನಿಂತಿತ್ತು, ಕೇರಿ ಇನ್ನೊಂದು ಕಡೆ ದೂರದಲ್ಲಿ. ಅವರು ಕಿಸೆಯಿಂದ ದುಂಡನೆಯ ಅಕ್ಷರದ ಹಾಳೆಗಳನ್ನು ತೆಗೆದು, ನೋಡಿ, ಮಡಚಿ ಮತ್ತೆ ಕಿಸೆಗೇ ಹಾಕಿದರು.

‘ಬಾವಿ ಛಲೋ ಇತ್ತು’ ಎಂದರು. ‘ನಾ ಬಂದ ದಿನಾ ಊರವರೂ ಕೇರಿಯವರೂ ಇಲ್ಲೇ ಸೇದಲಿಕ್ಕೆ ಹತ್ತಿದ್ರು. ಇವತ್ತು ಯಾರೂ ಸೇದೂದಿಲ್ಲ. ಯಾಕಂದರ, ಬಾವಿ ಹ್ಯಾಂಗದ ಅಂತ ನೋಡಲಿಕ್ಕೆ ಬಂದ ವೆಂಕಣ್ಣ ಅನ್ನಾಂವ ಒಬ್ಬ ಅದನ್ನ ಕೆಡಿಸಿದ. ನೀರಿನ್ಯಾಗ ದೋಷ ಇಲ್ಲ. ಕೇರಿಯವರ ಹಗ್ಗದಾಗ ದೋಷ ಇಲ್ಲ. ನಾ ಶುದ್ಧ ಇರಬೇಕಂತ ಮನಿಂದ ತಂಬಿಗಿ ತಂದೆ. ನಿಮ್ಮನ್ನ ನಂಬಲಿಲ್ಲ, ಹೇಳಲೂ ಇಲ್ಲ. ದೋಷ ಆ ತಂಬಿಗ್ಯಾಗ ಅದ. ಇದು ನನ್ನ ಷರಾ. ಈಗ ಯಾರರೆ ನನಗ ಈ ಬಾವಿ ನೀರು ಕೊಡ್ರಿ.’

ಕುಲಕರ್ಣಿಯವರು ಕೂಡಲೇ ಬೆಳ್ಳಿಯ ಲೋಟ ತರಿಸಲು ಹೊರಟರು. ‘ಬ್ಯಾಡ್ರಿ’ ಎಂದು ವೆಂಕಣ್ಣನವರು ಕೇರಿಯ ಕಡೆ ತಿರುಗಿದರು. ‘ಫಕೀರವ್ವಾ, ನೀ ಸೇದಿ ಕೊಡು.’

ಫಕೀರವ್ವ ನಿಂತಲ್ಲಿಂದ ಕದಲಲಿಲ್ಲ.

‘ಇವತ್ತು ಕುಡದು ನೀವು ಧಾರವಾಡಕ್ಕ ಹೋಗ್ತೀರಿ’ ಎಂದಳು. ‘ನಾಳಿಗೆ ನನ್ನ ಕೊಡಾ ಯಾರು ತುಂಬಸ್ತಾರ? ಮೊದಲ ಗಡಗಡಿ ಹಾಕಸ್ರಿ.’

ವೆಂಕಣ್ಣನವರು ಗೌಡರನ್ನು ನೋಡಿದರು. ಗೌಡರು ಮುರುಗೆಪ್ಪನವರನ್ನು ನೋಡಿದರು. ಮುರುಗೆಪ್ಪನವರು ಕಲ್ಲನ್ನು ನೋಡುತ್ತಿದ್ದರು.

‘ಗೌಡ್ರ, ನಮ್ಮ ಅವ್ವನೂ ಆ ಹಳ್ಳದ ನೀರ ಹೊತ್ತಾಕಿ’ ಎಂದರು ಕೊನೆಗೆ. ‘ಅವರು ಓದಿದ್ದು ನನಗ ಕಬೂಲ್ ಐತಿ. ನಿಮಗ?’

ಗೌಡರಿಗೆ ಹಳ್ಳದ ನೀರು ಕುಡಿದು ಮೂರು ದಿನದಿಂದ ಹೊಟ್ಟೆ ಸರಿ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ಯಾವುದು ಕೆಲಸ ಮಾಡಿತೋ ನಾನು ಹೇಳಲಾರೆ. ಹಿರಿಯರ ಕಡೆ ಒಮ್ಮೆ ನೋಡಿ, ಯಾರೂ ಕೆಮ್ಮದಿದ್ದಾಗ, ತಮ್ಮ ಹಿತ್ತಿಲಿನಿಂದ ಗಡಗಡೆ ತರಿಸಿದರು. ಹಾಕಿಸಿದರು. ಹಗ್ಗ ಏರಿತು.

ಫಕೀರವ್ವ ಸೇದಿದಳು. ಕೊಡ ತುಂಬಿದ ಮೇಲೆ ಪ್ರಶ್ನೆ ಎದ್ದಿತು, ಯಾವುದರಲ್ಲಿ ಕೊಡುವುದು? ತಂಬಿಗೆ ಚಕ್ಕಡಿಯಲ್ಲಿತ್ತು, ಅದರ ಹೆಸರನ್ನು ಈಗ ಯಾರೂ ಎತ್ತುವ ಹಾಗಿರಲಿಲ್ಲ. ವೆಂಕಣ್ಣನವರು ಕಟ್ಟೆ ಇಳಿದು, ಬಗ್ಗಿ, ಬೊಗಸೆ ಹಿಡಿದು ಬಾಯಿಗೆ ಹಚ್ಚಿಕೊಂಡರು. ಕೇರಿಯವರು ಹುಟ್ಟಿದಾಗಿನಿಂದ ನೀರು ಕುಡಿದದ್ದು ಹಾಗೆಯೇ, ಕೆಳಗೆ ನಿಂತು, ಮೇಲಿನವರು ಹೊಯ್ದಷ್ಟು. ಫಕೀರವ್ವ ಮೇಲೆ ನಿಂತು ಹೊಯ್ದಳು.

ಅವರು ಕುಡಿದರು. ಆಕೆ ಹೊಯ್ದಳು. ಅವರು ಮತ್ತೂ ಕುಡಿದರು. ಜನಕ್ಕೆ ಮೊದಲು ಬೆರಗಾಯಿತು, ಆಮೇಲೆ ಹೆದರಿಕೆಯಾಯಿತು. ಅಂಗಿ ತೊಯ್ಯಿತು, ರುಮಾಲು ಜಾರಿ ಕೆಸರಿಗೆ ಬಿತ್ತು, ಕಿಸೆಯಲ್ಲಿದ್ದ ವರದಿಯ ಶಾಯಿ ಹೊಟ್ಟೆಯ ಮೇಲೆ ನೀಲಿಯಾಗಿ ಇಳಿಯಿತು. ವೆಂಕಣ್ಣನವರ ಕಣ್ಣು ಹೊರಗೆ ಬಂದಿದ್ದವು. ಆದರೂ ಬೊಗಸೆ ಬಿಡಲಿಲ್ಲ. ಕೊಡ ಬರಿದಾದಾಗ ಅವರು ಅಲ್ಲೇ ನೆಲಕ್ಕೆ ಕೂತರು.

‘ಸಾಕು ಅನ್ನಬಾರದೇನ್ರಿ?’ ಎಂದರು ಗೌಡರು.

‘ಬಾಯಾಗ ನೀರಿತ್ತು. ಹ್ಯಾಂಗ ಅನ್ನಲಿ?’

‘ತಲಿ ಅಲ್ಲಾಡಸಬೇಕ್ರಿ’ ಎಂದಳು ಫಕೀರವ್ವ. ‘ಸಾಕಂದ್ರ ತಲಿ ಅಲ್ಲಾಡಸೂದು, ಹೊಯ್ಯಾವರು ನಿಲ್ಲಸೂದು. ನಮ್ಮಲ್ಲಿ ಕೂಸಿಗೂ ಬರತೈತಿ. ನಿಮಗ ಯಾರೂ ಕಲಿಸಿಲ್ಲ ಅಂತ ನನಗ ಕೊಡಾ ಮುಗದ ಮ್ಯಾಲ ತಿಳೀತು.’

ತಲೆ ಅಲ್ಲಾಡಿಸಬಾರದಾಗಿದ್ದ ದಿನ ಅಲ್ಲಾಡಿಸಿದ ವೆಂಕಣ್ಣನವರು, ಅಲ್ಲಾಡಿಸಬೇಕಾದ ದಿನ ಹೀಗೆ ಅಲ್ಲಾಡಿಸಲಿಲ್ಲ. ಯಾರೂ ನಗಲಿಲ್ಲ. ಒಂದು ಕೊಡ ನೀರು ಕುಡಿದ ಮನುಷ್ಯ ಎಲ್ಲರ ಕಣ್ಣೆದುರಿಗೆ ಬದುಕಿ ಕೂತಿದ್ದ. ನೀರಿನ ಬಗ್ಗೆ ಹೆಬ್ಬಳ್ಳಿಗೆ ಬೇರೆ ವರದಿ ಬೇಕಾಗಲಿಲ್ಲ. ಕತ್ತಲಾಗುವ ಮೊದಲು ಎರಡೂ ಗಡಗಡೆಗಳು ತಿರುಗಿದವು. ಫಕೀರವ್ವನ ಸೊಸೆಗೆ ಮುಂದಿನ ವಾರ ಹೆರಿಗೆಯಾಯಿತು, ಬಾಣಂತಿಯ ನೀರು ಬಾವಿಯದೇ ಆಯಿತು.

ಶಿರಗುಪ್ಪಿಯಲ್ಲಿಯೂ ಬಾವಿ ಆಯಿತು. ಅದರ ತಪಾಸಣೆಯನ್ನೂ ನೀವೇ ಮಾಡಬೇಕೆಂದು ಮುರುಗೆಪ್ಪನವರು ಕೇಳಲು ಬಂದರು. ವೆಂಕಣ್ಣನವರು ಒಪ್ಪಲಿಲ್ಲ. ‘ನಾ ನಿಮ್ಮ ಬಾವಿ ನೀರು ಕುಡದೇನಿ. ಇನ್ನ ನನ್ನ ಷರಾ ನಡಿಯೂದಿಲ್ಲ’ ಎಂದರು.

ಅಂದು ಹೆಬ್ಬಳ್ಳಿಯಿಂದ ಹೊರಡುವಾಗ ಅವರು ಇನ್ನೊಂದು ಕೆಲಸ ಮಾಡಿದ್ದರು. ಚಕ್ಕಡಿಯಿಂದ ತಾಮ್ರದ ತಂಬಿಗೆ ತೆಗೆದು, ಮನೆಯ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ಫಕೀರವ್ವನ ಮುಂದೆ ಹಿಡಿದಿದ್ದರು. ಆಕೆ ತುಂಬಿಕೊಟ್ಟಳು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಅಂಬಾಬಾಯಿಯವರು ಎಲ್ಲ ಕೇಳಿ, ಗಂಡನನ್ನು ಸ್ನಾನ ಮಾಡದೆ ಒಳಗೆ ಬಿಡಲಿಲ್ಲ, ತಂಬಿಗೆಯನ್ನು ಹೊರಗಿನ ಕಟ್ಟೆಯ ಮೇಲೇ ಇಡಿಸಿದರು. ಇದನ್ನು ಮುಚ್ಚಿಟ್ಟರೆ ನನ್ನ ವರದಿಯೂ ಸಾಹೇಬರ ಷರಾದಂತೆಯೇ ಆದೀತು.

ಮರುದಿನ ಬೆಳಿಗ್ಗೆ ನಾನು ನಡುಗೋಡೆಯ ಮೇಲಿಂದ ನೋಡಿದಾಗ ತಂಬಿಗೆ ಬರಿದಾಗಿತ್ತು. ಪಕ್ಕದಲ್ಲಿ ಅಂಬಾಬಾಯಿಯವರು ನಿಂತಿದ್ದರು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಅವರು, ‘ತುಳಸಿಗೆ ಹಾಕಿದೆ’ ಎಂದರು. ತುಳಸಿಯ ಕಟ್ಟೆ ಒಣಗಿತ್ತು. ನಾನು ಅವರ ಮನೆಯ ಶೀಕರಣಿ ತಿಂದವನು, ಆ ತಪಾಸಣೆ ನಾನು ಮಾಡಲಿಲ್ಲ.